ಅಕ್ಕ ತೆರೆದಿಟ್ಟುಹೋದ ಟ್ಯಾಬುಗಳು

ಮೊಳಕಾಲ್ಮೂರಿನ ಅಕ್ಕನ ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಯುಪಿಎಸ್ ಕೂಗಲು ಶುರುಮಾಡಿದರೆ, ಸಾರಿನ ಸೌಟು ಹಿಡಿದುಕೊಂಡೇ ಕಂಪ್ಯೂಟರ್ ಹತ್ತಿರ ಓಡುತ್ತಿದ್ದೆ.

ಅಕ್ಕ ರೇಷ್ಮೆ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವವಳು. ಸ್ಕೂಟಿಯಿಂದ ಬಿದ್ದು ತಲೆಗೆ ಪೆಟ್ಟಾಗಿ, ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಭಾವ ಅವಳ ಜೊತೆಗಿದ್ದರು. ಚಳ್ಳಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದಕ್ಕೆ ಬೀಗ ಹಾಕಿ ಅವಳ ಮನೆ ಕಾಯಲು ಬಂದಿದ್ದೆ.

ಬಿದ್ದ ದಿನ ಅವಳು ಕೆಲಸದ ನಡುವೆಯೇ ಎದ್ದುಹೋಗಿದ್ದಳು. ಫೈಲ್ ಮ್ಯಾನೇಜರ್ ತೆರೆದೇ ಇತ್ತು, ಅದರಲ್ಲಿ ಒಂದೊಂದು ಫೋಲ್ಡರಿಗೆ ಒಂದೊಂದರಂತೆ ಟ್ಯಾಬುಗಳ ಸಾಲು. ಒಂದರಲ್ಲಿ ಅಂಚು, ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ನವಿಲಿನ ಬುಟ್ಟಾ, ಮತ್ತೊಂದರಲ್ಲಿ ಯಾರದೋ ಹಳೆಯ ಸೀರೆಯ ಫೋಟೋಗಳು. ಎಲ್ಲೆಲ್ಲಿಂದಲೋ ಹೆಕ್ಕಿ ಒಂದೇ ಸೀರೆಗೆ ಕೂಡಿಸುತ್ತಿದ್ದಳು. ಟ್ಯಾಬ್ ಮುಚ್ಚಿದರೆ ಫೈಲುಗಳೇನೂ ಹೋಗುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಯಾವ ಫೋಲ್ಡರಿನ ಪಕ್ಕ ಯಾವುದಿರಬೇಕು ಎನ್ನುವುದು ಅವಳ ತಲೆಯಲ್ಲಿ ಮಾತ್ರ ಇತ್ತು. ಪೆಟ್ಟು ಬಿದ್ದದ್ದೂ ಅಲ್ಲಿಗೇ.

"ನನ್ನ ಗುರ್ತು ಹಿಡಿದ್ಲು ಕಣಮ್ಮ," ಭಾವ ಫೋನಿನಲ್ಲಿ ಹೇಳಿದರು. "ಏನ್ ಕೆಲ್ಸ ಮಾಡ್ತಿದ್ದೆ ಅಂತ ಕೇಳಿದ್ರೆ ಸುಮ್ನೆ ನೋಡ್ತಾಳೆ. ಮುಂದೆ ಹೆಂಗೋ ಏನೋ ಅಂತಾರೆ ಡಾಕ್ಟ್ರು."

ಅವತ್ತಿನಿಂದ ನನಗೆ ಹೆದರಿಕೆ ಹತ್ತಿಕೊಂಡಿತು. ಆ ಸಾಲು ಕಳೆದುಹೋದರೆ ಅಕ್ಕನೂ ಪೂರ್ತಿಯಾಗಿ ವಾಪಸ್ ಬರುವುದಿಲ್ಲ ಅನ್ನಿಸತೊಡಗಿತು. ಹುಚ್ಚು ಅಂತ ಗೊತ್ತಿದ್ದೂ ಬಿಡಲಾಗಲಿಲ್ಲ. ಕಂಪ್ಯೂಟರ್ ಆರಿಸಲಿಲ್ಲ, ಮೇಜಿನ ಧೂಳೂ ಒರೆಸಲಿಲ್ಲ.

ಹುಡುಕಿ ಹುಡುಕಿ, ಅದೇ ಫೈಲ್ ಮ್ಯಾನೇಜರಿನ ಬುಕ್‌ಮಾರ್ಕ್ ಮೆನುವಿನಲ್ಲಿ ತೆರೆದ ಟ್ಯಾಬುಗಳನ್ನೆಲ್ಲ ಒಂದು ಗುಂಪಾಗಿ ಉಳಿಸುವ ದಾರಿ ಸಿಕ್ಕಿತು. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತು ನಾನೇನು ಮಣ್ಣು ಹೊತ್ತೆನೋ! ಗುಂಪಿಗೆ ಹೆಸರು ಕೇಳಿತು. 'ಅಕ್ಕ ಬಂದ ಮೇಲೆ' ಎಂದು ಟೈಪ್ ಮಾಡಿದೆ. ನಿಜಕ್ಕೂ ಉಳಿಯಿತೋ ಇಲ್ಲವೋ ನೋಡಬೇಕಾದರೆ ಎಲ್ಲವನ್ನೂ ಮುಚ್ಚಿ ಮತ್ತೆ ತೆರೆಯಬೇಕು. ಆ ಧೈರ್ಯ ಬರಲಿಲ್ಲ.

ನನ್ನ ಧೈರ್ಯಕ್ಕೆ ಕರೆಂಟ್ ಕಾಯಲಿಲ್ಲ. ಒಂದು ಮಧ್ಯಾಹ್ನ ಯುಪಿಎಸ್ ಸಹ ಕೈಕೊಟ್ಟು ಪರದೆ ಕಪ್ಪಾಯಿತು. ಕರೆಂಟ್ ಬಂದ ಮೇಲೆ ಆ ಹೆಸರನ್ನು ಒತ್ತಿದೆ. ಅಂಚು, ಸೆರಗು, ನವಿಲು, ಎಲ್ಲವೂ ಅದೇ ಸಾಲಿನಲ್ಲಿ ತೆರೆದುಕೊಂಡವು. ಕೂತಲ್ಲೇ ಅತ್ತುಬಿಟ್ಟೆ.

ಕೊನೆಗೆ ಅಕ್ಕ ಮನೆಗೆ ಬಂದಳು. ನನ್ನನ್ನು ಹೆಸರು ಹಿಡಿದು ಕರೆದಳು, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ಬೈದಳು ಕೂಡ. ಬೈಸಿಕೊಂಡ ಖುಷಿಯಲ್ಲಿ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಗುಂಪನ್ನು ತೆರೆದೆ. ಮೌಸ್ ಹಿಡಿದು ಒಂದೊಂದೇ ಟ್ಯಾಬ್ ನೋಡುತ್ತಾ ಹೋದಳು. ನವಿಲಿನ ಹತ್ತಿರ ಮೌಸ್ ನಿಲ್ಲಿಸಿದಳು.

"ಭಾಳ ಚೆನ್ನಾಗೈತೆ ಕಣೇ. ಯಾರು ಬರ್ದಿದ್ದು?"

"ನೀನೇ ಕಣಕ್ಕ."

"ಹೋಗೇ, ಸುಮ್ನಿರು," ಎಂದು ಅಕ್ಕ ನಕ್ಕಳು.