ಎತ್ತಿದ ಎಡಗೈ

ಆಷಾಢ ಶುದ್ಧ ಏಕಾದಶಿ, ಹೈದರಾಬಾದಿನ ಪೊಲೀಸ್ ಆಕ್ಷನ್ ಆದ ಮರುವರ್ಷ. ಬೆಳಗಿನ ಏಳು ಗಂಟೆ, ನಾರಾಯಣಪೇಟೆಯಿಂದ ಮಕ್ತಲಕ್ಕೆ ಹೋಗುವ ಬಸ್ಸು. ಜೊತೆಗೆ ನಮ್ಮ ಮನೆಯವರು ಮತ್ತು ಅವರ ಅಣ್ಣನ ಹೆಂಡತಿ ಗಂಗಕ್ಕ.

ಆ ಆಕ್ಷನ್ನಿಗೆ ಮೊದಲೇ ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ಎಡ ಮೊಲೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ರೋಗ ಹೋಯಿತು, ಕೈ ಊದಿತು. ಆಕ್ಷನ್ನಿನ ಗಲಾಟೆ ಮುಗಿದ ಮೇಲೆ ಮತ್ತೆ ತೋರಿಸಿದಾಗ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು: ಕಂಕುಳಲ್ಲಿ ನೀರು ಹರಿದುಹೋಗುವ ದಾರಿ ಕಡಿದಿದೆ, ಊತ ಪೂರ್ತಿ ಹೋಗದು, ಹಿಡಿತದಲ್ಲಿಡಬಹುದು. ಬೆರಳಿನಿಂದ ಮೇಲಕ್ಕೆ ಬಟ್ಟೆಪಟ್ಟಿ ಸುತ್ತಬೇಕು, ಆಗಾಗ ಕೈ ಎತ್ತಿ ಮುಷ್ಟಿ ಬಿಗಿದು ಬಿಡಬೇಕು, ಆ ಕೈಗೆ ಗೀರು, ಸುಟ್ಟ ಗಾಯ ಆಗಕೂಡದು.

ನೇಮ ನನಗೆ ಕಷ್ಟವಲ್ಲ. ಮಂದಿಯ ಉಪದೇಶ ಕಷ್ಟ. ಒಬ್ಬರು ಬಿಸಿ ಎಣ್ಣೆ ತಿಕ್ಕು ಎಂದರು, ಇನ್ನೊಬ್ಬರು ಬರೆ ಹಾಕಿಸು ಎಂದರು. ಚೈತ್ರದಲ್ಲಿ ಒಗ್ಗರಣೆಯ ಒಂದು ಹನಿ ಸಿಡಿದದ್ದಕ್ಕೇ ಕೈಯೆಲ್ಲ ಕೆಂಪಾಗಿ, ಚಳಿಜ್ವರ ಏರಿ, ಬದುಕಿದ್ದೇ ಹೆಚ್ಚಾಯಿತು. ಗಂಗಕ್ಕನೇ ಪಕ್ಕದಲ್ಲಿ ಕೂತು ನೋಡಿದ್ದರು. ಆದರೂ ಈಗ, ಏಕಾದಶಿಗೆಂದು ಮಕ್ತಲಕ್ಕೆ ಬಂದ ಮಠದ ಸ್ವಾಮಿಗಳಿಂದ ನಾನು ಮುದ್ರೆ ಹಾಕಿಸಿಕೊಳ್ಳಲೇಬೇಕೆಂದು ಅವರದೇ ಹಟ. ಹೋಮದ ಬೆಂಕಿಯಲ್ಲಿ ಕಾಯಿಸಿದ ಚಕ್ರ ಬಲಗೈಗೆ, ಶಂಖ ಎಡಗೈಗೆ.

"ದೇವರ ಮುದ್ರಿಗೆ ಹುಣ್ಣಾಗ್ತದೇನ? ನಂಬಿಕಿ ಕಮ್ಮಿ ನಿಂದು."

"ನಂಬಿಕಿ ಅದರೀ ಅಕ್ಕಾ. ಇನ್ನೊಂದು ಎಡಗೈ ಇಲ್ಲ."

ಕೈ ಎತ್ತಿ ಮುಷ್ಟಿ ಬಿಗಿದೆ. ಕಂಡಕ್ಟರ್ ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ.

"ಎಲ್ಲಿ ಇಳೀತೀರಿ ಅಮ್ಮಾ? ಇಲ್ಲಿ ಬರೀ ಜಾಲಿಗಿಡ ಐತಿ!"

"ಇಳಿಯೂದಿಲ್ಲಪ್ಪಾ, ನಡಿ!"

ಸ್ವಲ್ಪ ದೂರ ಹೋಗಿ ಮತ್ತೆ ಎತ್ತಿದೆ, ಮತ್ತೆ ನಿಲ್ಲಿಸಿದ. ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿ ನಕ್ಕರು. ನನಗೆ ನಗೆ ಬರಲಿಲ್ಲ.

ಮಕ್ತಲದ ಪ್ರಾಣದೇವರ ಗುಡಿಯಲ್ಲಿ ಸ್ವಾಮಿಗಳ ಮುಂದೆ ಉದ್ದ ಸಾಲು. ಗಂಗಕ್ಕ ನನ್ನ ಪಟ್ಟಿ ಬಿಚ್ಚಿಸಿ ಬೆನ್ನಿಗೇ ನಿಂತರು. ಸ್ವಾಮಿಗಳಿಗೆ ಬೇಡವೆನ್ನಲು ನನ್ನ ನಾಲಿಗೆ ಏಳದು. ಸುಟ್ಟರೆ ಈ ಸಲ ಉಳಿಯುವ ಭರವಸೆಯಿಲ್ಲ. "ಪ್ರಾಣದೇವರೇ, ನನ್ನ ಬದಲು ನೀನೇ ಮಾತಾಡು" ಎಂದು ಬೇಡಿಕೊಂಡೆ. ಅಷ್ಟರಲ್ಲಿ ಕೈ ಭಾರವಾಗಿ ಜಗ್ಗಿತು. ರೂಢಿಯಂತೆ ಎತ್ತಿದೆ.

"ಅಲ್ಲಿ ಕೈ ಎತ್ತಿದಾಕಿ ಯಾರು? ಏನೋ ಕೇಳಬೇಕಂತಾಳ. ಮುಂದ ಬಿಡ್ರಿ," ಎಂದರು ಸ್ವಾಮಿಗಳು.

ಸಾಲು ಸರಿಯಿತು. ಇನ್ನು ಹೇಳದೆ ಗತಿಯಿರಲಿಲ್ಲ, ಎಲ್ಲ ಹೇಳಿದೆ. ಅವರು ಊದಿದ ಕೈಯನ್ನು ನೋಡಿದರು. ಬಲಗೈಗೆ ಕಾದ ಚಕ್ರ ಒತ್ತಿದರು. ಎಡಗೈಗೆ ಬೇರೊಂದು ಶಂಖಮುದ್ರೆಯನ್ನು ಗೋಪೀಚಂದನದಲ್ಲಿ ಅದ್ದಿ ತಣ್ಣಗೆ ಒತ್ತಿದರು.

"ಇದೂ ಪೂರಾ ಮುದ್ರೀನ. ಪಟ್ಟಿ ಕಟ್ರಿ ಆಕಿಗೆ," ಎಂದು ಗಂಗಕ್ಕನಿಗೇ ಅಪ್ಪಣೆ ಮಾಡಿದರು.

ಊತ ಇನ್ನೂ ಇದೆ. ನಾನು ಬೇಡಿದ್ದು ಅದು ಹೋಗಲಿ ಎಂದಲ್ಲ. ಬೇಡಿದ್ದನ್ನು ಪ್ರಾಣದೇವರು ಬೇಡಿದ ಗಳಿಗೆಯಲ್ಲೇ ನಡೆಸಿಕೊಟ್ಟ, ಅದೂ ಇದೇ ಕೈಯಿಂದ. ಆತನಿಗೆ ಅನಂತ ನಮಸ್ಕಾರ.

ಸಂಜೆ ಮನೆಯಲ್ಲಿ ಗಂಗಕ್ಕ ಹೊಸ ಪಟ್ಟಿ ಸುತ್ತಲು ಕೂತರು.

"ಬೆರಳಿನಿಂದರೀ ಅಕ್ಕಾ."

"ಗೊತ್ತದ, ಸುಮ್ನಿರು."

ಒಗೆದ ಹಳೆಯ ಪಟ್ಟಿಯನ್ನೂ ಅವರೇ ಹಿಂಡಿಕೊಟ್ಟರು. ನಾನು ಎಡಗೈ ಎತ್ತಿ ಹಗ್ಗಕ್ಕೆ ಹಾಕಿದೆ.