ಕೊನೆ ಕಂಡ ಮೇಲೆ ಇಡುವ ಕೆಂಪು ಚುಕ್ಕಿ

ಬೆಳಗಿನ ಐದೂಕಾಲು. ಸಿಂಧನೂರಿನ ಅಕ್ಕಿ ಗಿರಣಿಗಳು ಇನ್ನೂ ಸದ್ದು ಮಾಡುತ್ತಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಮನೆಯೊಂದರಲ್ಲಿ ಐವತ್ತೆರಡರ ಇಮಾಮ್‌ಬೀ ತಲೆಯ ಮೇಲೆ ಸೆರಗು ಹೊದ್ದು, ಚಾಪೆಯ ಮೇಲೆ ಕಾಲು ಮಡಚಿ ಕುಳಿತು, ಶರವೇಗದಲ್ಲಿ ಕಾರು ಓಡಿಸುತ್ತಿದ್ದಾರೆ. ಎದುರಿಗೆ ಚಿಕ್ಕ ಕಪ್ಪು ಬಿಳುಪು ಟಿವಿ. ಕೈಯಲ್ಲಿ ವೈರಿನ ತುದಿಗೆ ಕಟ್ಟಿದ ಆಟದ ರಿಮೋಟು. ಪಕ್ಕದಲ್ಲಿ ಚಹಾ ಆರುತ್ತಿದೆ, ಅದರ ಕಡೆ ಅವರ ಗಮನವಿಲ್ಲ.

"ಮಾತಾಡ್ಸಬ್ಯಾಡ್ರೀ ಈಗ," ಅನ್ನುತ್ತಾರೆ. ನಾನು ಉಸಿರು ಬಿಗಿಹಿಡಿದು ಕೂರುತ್ತೇನೆ. ಮೂರನೆಯ ರಸ್ತೆ ಮುಗಿದು ನಾಲ್ಕನೆಯದು ಶುರುವಾಗುತ್ತದೆ. ಎದುರಿಂದ ಲಾರಿಗಳು, ಅಡ್ಡ ಬರುವ ಎಣ್ಣೆಯ ಕಲೆಗಳು, ಇಳಿಯುತ್ತಲೇ ಇರುವ ಪೆಟ್ರೋಲು. ಏಳು ಗಂಟೆಗೆ ಗಿರಣಿಗಳ ಮೋಟಾರು ಶುರುವಾದರೆ ವೋಲ್ಟೇಜು ಬೀಳುತ್ತದೆ, ಆಟ ಸತ್ತು ಮೊದಲಿನಿಂದ ಆರಂಭವಾಗುತ್ತದೆ. ಆದ್ದರಿಂದ ಏನು ಮುಗಿಸುವುದಿದ್ದರೂ ಅದಕ್ಕೂ ಮುಂಚೆ. ಆರೂವರೆಗೆ ನಾಲ್ಕನೆಯ ರಸ್ತೆ ಮುಗಿಯುತ್ತದೆ, ತೆರೆ ಒಮ್ಮೆ ಮಿನುಗುತ್ತದೆ, ಮತ್ತೆ ಮೊದಲನೆಯ ರಸ್ತೆ ಬಂದು ನಿಲ್ಲುತ್ತದೆ. ಇಮಾಮ್‌ಬೀ ರಸ್ತೆ ನೋಡುವುದಿಲ್ಲ. ತೆರೆಯ ಮೇಲ್ತುದಿಯ ಅಂಕಿ ನೋಡುತ್ತಾರೆ. 41,200. ಅದು ಹಾಗೆಯೇ ಇದೆ.

"ನಾ ಹೇಳ್ಲಿಲ್ಲೇನು," ಎಂದು ಒಳಮನೆಯಲ್ಲಿದ್ದ ಗಂಡ ಹುಸೇನಬಾಷಾರಿಗೆ ಕೇಳುವಂತೆ ಹೇಳಿ, ಟಿವಿ ಆರಿಸುತ್ತಾರೆ. "ಇವತ್ತ ಮಸ್ಕಿಗೆ ಹೋಗಬೇಕ್ರೀ. ಲಾಲಪ್ಪಗ ಮಾತು ಮುಟ್ಟಿಸಬೇಕು."

ಲಾಲಪ್ಪ ಯಾರು ಎಂಬುದಕ್ಕೆ ಮೊದಲು ಈ ಮನೆಯ ಕೆಲಸ ಏನೆಂದು ಹೇಳಬೇಕು. ಹುಸೇನಬಾಷಾ ರೇಡಿಯೋ, ಟಿವಿ ರಿಪೇರಿ ಮಾಡುವವರು. ಜೊತೆಗೆ ಟಿವಿ ಗೇಮಿನ ಡಬ್ಬಿ ಮತ್ತು ಆಟದ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಾರೆ. ತುರ್ವಿಹಾಳ, ಬಳಗಾನೂರು, ಮುಕ್ಕುಂದದಿಂದ ಜನ ಬಸ್ಸು ಹತ್ತಿ ಬಂದು ಒಯ್ಯುತ್ತಾರೆ. ಎರಡು ವರ್ಷದ ಹಿಂದೆ ಲಿಂಗಸುಗೂರಿನಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಬಾಗಿಲು ಹಾಕಿತು. ಅದರ ಹಳೆಯ ಕ್ಯಾಸೆಟ್ಟುಗಳು ಎರಡು ಗೋಣಿಚೀಲಗಳಲ್ಲಿ ಇವರ ಮನೆಗೆ ಬಂದವು. ಎಣಿಸಿದರೆ ನೂರಾ ನಲವತ್ತಾರು. ಅರ್ಧಕ್ಕರ್ಧ ಚೀಟಿ ಕಿತ್ತವು, ಉಳಿದವುಗಳ ಮೇಲೆ ಯಾವುದೋ ದೇಶದ ಅಕ್ಷರ. ಹುಸೇನಬಾಷಾರ ಕಣ್ಣು ಆಗಲೇ ಮಂಜಾಗಿತ್ತು. ಕೈಯ ಅಂದಾಜಿನಲ್ಲಿ ಬೆಸುಗೆ ಹಾಕಬಲ್ಲರು, ಟಿವಿಯ ತೆರೆ ಕಾಣದು. ಹಾಗಾಗಿ ಚೀಲ ಬಿಚ್ಚಿ ನೋಡುವ ಕೆಲಸ ಇಮಾಮ್‌ಬೀಯವರ ಪಾಲಿಗೆ ಬಂತು.

ಇಮಾಮ್‌ಬೀಗೆ ಓದು ಬರುವುದಿಲ್ಲ, ಅಂಕಿ ಬರುತ್ತದೆ. ಇಪ್ಪತ್ತೆರಡು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದ ಕೈ. ಕ್ಯಾಸೆಟ್ಟುಗಳಿಗೆ ಹೆಸರು ತಾವೇ ಇಟ್ಟಿದ್ದಾರೆ: ಗೋಡಿ ಹಾರೋ ಗಿಡ್ಡಪ್ಪ, ಬಾತುಕೋಳಿ ಬೇಟೆ, ಇಟ್ಟಂಗಿ ಒಡ್ಯೋದು, ರಸ್ತಾದ ಆಟ. ಅದರ ನಿಜವಾದ ಹೆಸರೇನು ಎಂದು ನಾನು ಕೇಳಿದಾಗ, "ಇದು ಖೊಟ್ಟಿ ಹೆಸರೇನ್ರೀ ಮತ್ತ?" ಎಂದು ನನ್ನನ್ನೇ ಕೇಳಿದರು. ನನಗೂ ಒಂದು ಸಲ ರಿಮೋಟು ಕೊಟ್ಟರು. ಅರ್ಧ ನಿಮಿಷದಲ್ಲಿ ನನ್ನ ಕಾರು ಹೊಲಕ್ಕಿಳಿಯಿತು. ನಗು ಬಂದರೂ ಪಾಪ, ಸೆರಗು ಅಡ್ಡ ಹಿಡಿದುಕೊಂಡರು.

ಮೊದಮೊದಲು ಅವರು ಕ್ಯಾಸೆಟ್ಟಿನ ತಳದ ತಾಮ್ರದ ಕಾಲುಗಳನ್ನು ರಬ್ಬರಿನಿಂದ ತಿಕ್ಕಿ, ಊದಿ, ಡಬ್ಬಿಗೆ ಸಿಕ್ಕಿಸಿ, ತೆರೆಯ ಮೇಲೆ ಚಿತ್ರ ಬಂದರೆ ಸಾಕು ಎಂದು ಬಾಡಿಗೆಗೆ ಕೊಟ್ಟುಬಿಡುತ್ತಿದ್ದರು. ಹಾಗೆ ಹೋದವುಗಳಲ್ಲಿ ರಸ್ತಾದ ಆಟವೂ ಒಂದು. ಒಯ್ದವರು ಮಸ್ಕಿಯ ಲಾಲಪ್ಪ. ಲಾರಿ ಡ್ರೈವರ್. ಭತ್ತದ ಲೋಡು ಹೇರಿಕೊಂಡು ಹೋಗುವಾಗ ಗಾಡಿ ಮಗುಚಿ ಸೊಂಟ ಮುರಿದು, ಮಂಚ ಹಿಡಿದಿದ್ದರು. ಸೋಮವಾರದ ಸಂತೆಗೆ ಬರುವ ಹೆಂಡತಿ ಆದೆಮ್ಮ ಅದೊಂದೇ ಆಟವನ್ನು ವಾರವಾರ ಕೇಳಿ ಪಡೆಯುತ್ತಿದ್ದರು. ನಾಲ್ಕು ತಿಂಗಳು ಹೀಗೆ ನಡೆಯಿತು. ತೊಂಬತ್ತೇಳರ ದೀಪಾವಳಿಯ ಮುಂದೆ ಆದೆಮ್ಮ ಬಂದು ದೂರು ಹೇಳಿದರು.

"ಅವರು ನಾಕೂ ರಸ್ತಾ ದಾಟ್ಯಾರ್ರೀ ಅಕ್ಕಾರ. ದಾಟಿದ್ರ ತಿರುಗಿ ಮೊದಲನೇದು ಬರ್ತೈತಂತ. ಇದಕ್ಕ ಕೊನಿ ಇಲ್ಲೇನಂತ ಕೇಳ್ಯಾರ."

ಇಮಾಮ್‌ಬೀ ಏನು ಹೇಳಬೇಕು? ಕರೆಂಟು ಕೈಕೊಟ್ಟಾಗ ಆಟ ಮೊದಲಿಗೆ ಬರುವುದನ್ನು ಅವರು ದಿನವೂ ಕಂಡಿದ್ದರು. ಇದೂ ಅಂಥದ್ದೇ ದೋಷ ಎಂದುಕೊಂಡು, "ಕ್ಯಾಸೆಟ್ ಕೆಟ್ಟೈತವ್ವಾ, ಕೊನೀತನಕ ಹೋಗೂದಿಲ್ಲ ಅಂತ ಹೇಳು," ಎಂದುಬಿಟ್ಟರು. ಮುಂದಿನ ಸೋಮವಾರ ಆದೆಮ್ಮ ಡಬ್ಬಿಯನ್ನೇ ವಾಪಸ್ ತಂದು ಇಟ್ಟರು. ಬೇರೆ ಆಟ ಕೊಡುತ್ತೇನೆಂದರೂ ಒಯ್ಯಲಿಲ್ಲ. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ ಎಂದಷ್ಟೇ ಹೇಳಿ ಹೋದರು.

"ಆವತ್ತ ಊಟ ಸೇರ್ಲಿಲ್ರೀ ನನಗ," ಎನ್ನುತ್ತಾರೆ ಇಮಾಮ್‌ಬೀ. "ಗಿರಣ್ಯಾಗ ಚೀಲಕ್ಕ ಕೊಳವಿ ಚುಚ್ಚಿ ತಳದ ಅಕ್ಕಿ ತಗದು ನೋಡ್ತಿದ್ದಾಕಿ ನಾನು. ಚೀಲದ ಬಾಯಾಗ ಚಲೋ ಮಾಲು ಯಾರರೆ ಹಾಕ್ತಾರ. ಇಲ್ಲಿ ನಾನೇ ಬಾಯಿ ಅಷ್ಟ ನೋಡಿ ಮಂದಿಗೆ ಕೊಟ್ಟೆ. ನಾಕ್ ತಿಂಗಳು ಅಂವಾ ಕೆಟ್ಟದ್ದರ ಮ್ಯಾಲೆ ದುಡದ."

ಅಲ್ಲಿಂದ ಈ ಮನೆಗೆ ಒಂದು ಕಾನೂನು ಬಂತು. ಇಮಾಮ್‌ಬೀ ತಾವೇ ಆಡಿ ಕೊನೆ ಕಾಣುವ ತನಕ ಯಾವ ಕ್ಯಾಸೆಟ್ಟೂ ಹೊಸ್ತಿಲು ದಾಟುವಂತಿಲ್ಲ. ಕೊನೆ ಕಂಡರೆ ಅದರ ಬೆನ್ನಿಗೆ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕಿ. ಕಾಣದಿದ್ದರೆ ಮೂಲೆಯ ತಗಡಿನ ಡಬ್ಬ. ಕೆಲವು ಎರಡೇ ದಿನದಲ್ಲಿ ಮುಗಿದವು. ಗಿಡ್ಡಪ್ಪನ ಆಟ ಎರಡು ತಿಂಗಳು ತಿಂದಿತು. ದಿನಕ್ಕೆ ಒಂದೂವರೆ ತಾಸು, ಹೆಚ್ಚೆಂದರೆ ಎರಡು ಸರ್ತಿ ಆಡಲು ಸಮಯ. ಹಬ್ಬವಿರಲಿ, ನೆಂಟರಿರಲಿ, ಆ ಹೊತ್ತು ತಪ್ಪಿಸಿಲ್ಲ. ಹೆಬ್ಬೆರಳಲ್ಲಿ ಭತ್ತದ ಕೂಳೆಯಂತೆ ಗಂಟು ಎದ್ದಿದೆ. ಓಣಿಯವರು, "ಇಮಾಮ್‌ಬೀಗ ಈ ವಯಸ್ನ್ಯಾಗ ಹುಡುಗಾಟಕಿ ಹತ್ತೈತಿ," ಎಂದು ಆಡಿಕೊಂಡದ್ದೂ ಉಂಟು.

ಕೆಲಸ ಮುಂದುವರಿದಂತೆ ತಗಡಿನ ಡಬ್ಬದಲ್ಲಿ ನಲವತ್ತು ಕ್ಯಾಸೆಟ್ಟುಗಳು ಸೇರಿದವು. ಬಹಳಷ್ಟಕ್ಕೆ ಅದೇ ರೋಗ: ಮುಗಿಯಿತು ಅನ್ನುವಾಗ ಮೊದಲಿಗೆ ಬರುವುದು. ಮೂರು ವಾರದ ಹಿಂದೆ ಒಂದು ವಿಮಾನದ ಆಟವೂ ಹಾಗೆ ಮಾಡಿದಾಗ, ಬೇಸತ್ತು ಸುಮ್ಮನೆ ಆಡುತ್ತಲೇ ಹೋದರು. ವೈರಿ ವಿಮಾನಗಳು ಮೊದಲಿಗಿಂತ ಜೋರಾಗಿ ಬರುತ್ತಿದ್ದವು. ಯಾಕೆಂದು ಮೇಲೆ ನೋಡಿದರೆ, ಗಳಿಸಿದ ಅಂಕಿ ಸೊನ್ನೆಯಾಗಿರಲಿಲ್ಲ.

"ಕರೆಂಟ್ ಬಿದ್ದು ಮೊದಲಿಗೆ ಬಂದ್ರ ನಂಬರ್ ಸೊನ್ನಿ ಆಕ್ಕೈತ್ರೀ. ಇದು ಆಗಿಲ್ಲ. ಅಂದ್ರ ಆಟಕ್ಕ ಗೊತ್ತೈತಿ ನಾನು ಗೆದ್ದೀನಿ ಅಂತ. ಗೆದ್ದಾಕಿಗೆ ಇನ್ನಷ್ಟು ಕಷ್ಟದ್ದು ಕೊಡಾಕತ್ತೈತಿ." ಇಮಾಮ್‌ಬೀ ಬೆರಳನ್ನು ತೆರೆಯ ಮೇಲ್ತುದಿಗೆ ಇಡುತ್ತಾರೆ. "ಅಷ್ಟ್ ದಿನ ನಾ ತಲಿ ಎತ್ತಿ ಮ್ಯಾಲೆ ನೋಡೇ ಇರ್ಲಿಲ್ರೀ."

ಮಾರನೆಯ ದಿನವೇ ತಗಡಿನ ಡಬ್ಬದ ತಳದಿಂದ ರಸ್ತಾದ ಆಟ ಹೊರಬಂತು. ಲಾಲಪ್ಪನಿಗೆ ಇನ್ನೊಂದು ಸಲ ಅಂದಾಜಿನ ಮಾತು ಹೇಳಬಾರದೆಂದು, ತಾವೇ ಆಡಿ ನೋಡಲು ಹಟ ಹಿಡಿದರು. ಪೆಟ್ರೋಲು ಮುಗಿಯಿತು, ಲಾರಿಗೆ ಗುದ್ದಿದರು, ಎರಡು ದಿನ ಗಿರಣಿಯೊಂದು ಹೊತ್ತಿಗೆ ಮುಂಚೆಯೇ ಶುರುವಾಗಿ ಆಟ ಕೆಡಿಸಿತು. ನಾನು ಕಂಡ ಬೆಳಗು ಹತ್ತೊಂಬತ್ತನೆಯದು. ಆದರೆ ಕೊನೆ ಕಂಡರೂ ಅದಕ್ಕೆ ಚುಕ್ಕಿ ಇಡಲಿಲ್ಲ. ಉಗುರಿನ ಬಣ್ಣದ ಶೀಶೆಯನ್ನು ಕ್ಯಾಸೆಟ್ಟಿನ ಜೊತೆಗೆ ವೈರಿನ ಚೀಲಕ್ಕೆ ಹಾಕಿಕೊಂಡರು.

ಒಂಬತ್ತರ ಬಸ್ಸಿಗೆ ನಾನೂ ಹತ್ತುತ್ತೇನೆ. ಮಸ್ಕಿ ಹತ್ತಿರವಾದಾಗ, "ಬೈದ್ರ ಬೈಲಿ, ಒಟ್ಟ ಕೇಳ್ಕೊಂಡ್ರ ಸಾಕು," ಎಂದು ಕಿಟಕಿಗೆ ಹೇಳಿಕೊಳ್ಳುತ್ತಾರೆ.

ಲಾಲಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಾರೆ. ಮೂಲೆಯ ಟಿವಿಗೆ ಬಟ್ಟೆ ಹೊದಿಸಿದೆ. "ಬರ್ರಿ ಅಕ್ಕಾರ," ಎನ್ನುವ ದನಿಯಲ್ಲಿ ಸಿಟ್ಟಿಲ್ಲ, ಉತ್ಸಾಹವೂ ಇಲ್ಲ. ಮಂಚದ ಮೇಲ್ಗಡೆ ಗೋಡೆಯ ತುಂಬ ಇದ್ದಿಲಿನಿಂದ ಬರೆದ ಅಂಕಿಗಳು. ಮಂಚ ಸರಿಸಲಾಗದ್ದರಿಂದ ಅಷ್ಟು ಜಾಗಕ್ಕೆ ಸುಣ್ಣ ಬಿದ್ದಿಲ್ಲ. ಎಲ್ಲಕ್ಕಿಂತ ಕೆಳಗೆ 48,600 ಎಂದಿದೆ, ಅದರಡಿ ಒಂದು ಗೆರೆ.

"ಆ ಗೆರಿ ಯಾಕ ಎಳದಿ?" ಇಮಾಮ್‌ಬೀ ಕೇಳುತ್ತಾರೆ.

"ಅಲ್ಲೇ ರಸ್ತಾ ತಿರುಗಿ ಮೊದಲಿಗೆ ಬಂತಲ್ರೀ."

"ಬಂದಾಗ ನಂಬರ್ ಸೊನ್ನಿ ಆತೇನು?"

ಲಾಲಪ್ಪ ಯೋಚಿಸುತ್ತಾರೆ. "ಇಲ್ರೀ. ಹಂಗೇ ನಿಂತಿತ್ತು. ನಿಂತಿದ್ದಕ್ಕ ನೋಡಿ ಬರ್ಕೊಂಡೀನಿ."

"ಕೆಟ್ಟಿದ್ರ ಸೊನ್ನಿ ಆಗ್ತಿತ್ತು ಲಾಲಪ್ಪ. ನಾನೂ ಇವತ್ತ ಆಡಿ ನೋಡೀನಿ. ಅದು ಕೆಟ್ಟಿಲ್ಲ. ನೀ ಊರು ಮುಟ್ಟಿದ್ದಿ. ಗಲತ್ ನಂದು, ನಿಂದಲ್ಲ."

ಬಾಗಿಲಲ್ಲಿ ನಿಂತ ಆದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಲಾಲಪ್ಪ ತಲೆ ಎತ್ತಿ ತಮ್ಮದೇ ಕೈಬರಹವನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಮೆಲ್ಲಗೆ, "ನಿಮ್ಮದು ಎಷ್ಟಾತ್ರೀ ಅಕ್ಕಾರ?" ಎನ್ನುತ್ತಾರೆ.

"ನಲವತ್ತೊಂದು ಸಾವಿರದ ಇನ್ನೂರು. ನಿನ್ನಷ್ಟು ನನಗ ಆಗಲಿಲ್ಲ."

ಲಾಲಪ್ಪ ನಗುತ್ತಾರೆ. ಒಂಬತ್ತು ತಿಂಗಳ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಇದೇ ಮೊದಲು ಎಂದು ಆದೆಮ್ಮ ನನಗೆ ಆಮೇಲೆ ಹೇಳಿದರು.

ಮನೆಯ ಗೋಣಿಚೀಲದಲ್ಲಿ ಇನ್ನೂ ಎಪ್ಪತ್ತಾರು ಕ್ಯಾಸೆಟ್ಟುಗಳು ಆಡುವುದು ಉಳಿದಿವೆ. ಪೇಟೆಗೆ ಕೇಬಲ್ಲು ಬಂದಿದೆ, ಈ ಆಟಗಳನ್ನು ಕೇಳಿಕೊಂಡು ಬರುವವರು ಕಡಿಮೆಯಾಗುತ್ತಿದ್ದಾರೆ. ಅವು ಮುಗಿಯುವ ಹೊತ್ತಿಗೆ ಒಯ್ಯುವವರು ಇರುತ್ತಾರೋ ಇಲ್ಲವೋ ಎಂದೆ. "ಒಯ್ಯಲಿ, ಬಿಡಲಿ. ನೋಡದೇ ಮಾತಾಡಬಾರದು ಅಷ್ಟೇರೀ," ಎಂದು ಇಮಾಮ್‌ಬೀ ಶೀಶೆಯ ಮುಚ್ಚಳ ತಿರುವಿ ತೆಗೆದರು. ಈ ತನಕ ಒಂದೇ ಒಂದು ಚುಕ್ಕಿಯನ್ನೂ ಬೇರೆಯವರ ಕೈಯಿಂದ ಇಡಿಸಿದವರಲ್ಲ. ಕ್ಯಾಸೆಟ್ಟನ್ನು ಲಾಲಪ್ಪನ ಮಡಿಲಿಗಿಟ್ಟು, ಬಣ್ಣದ ಕಡ್ಡಿಯನ್ನು ಅವರ ಬೆರಳಿಗೆ ಕೊಟ್ಟರು.

"ಇದರ ಕೊನಿ ಮೊದಲು ಕಂಡಾಂವ ನೀ. ಚುಕ್ಕಿ ನೀನೇ ಇಡು."