ಅಪ್ಪನ ಮೇಲೆ ಫರಸಿ ಹಾಕಲಿಲ್ಲ

ಅಪ್ಪ ಶಹಾಬಾದಿನ ಗಣಿಗಳಲ್ಲಿ ಕಲ್ಲು ಒಡೆಯುತ್ತಿದ್ದ. ನಮ್ಮ ಕ್ರೈಸ್ತ ಸಭೆಯಲ್ಲಿ ಯಾರೇ ತೀರಿಕೊಂಡರೂ ಸಮಾಧಿಯ ಮೇಲೆ ಹಾಸುವ ಫರಸಿಕಲ್ಲನ್ನು ಅವನೇ ಆರಿಸಿ, ಕೆತ್ತಿ, ಕೂಡಿಸುತ್ತಿದ್ದ. ಅದಕ್ಕೆ ಕೂಲಿ ಮುಟ್ಟುತ್ತಿರಲಿಲ್ಲ. ಅದು ಅವನು ದೇವರಿಗೆ ಮಾಡುವ ಸೇವೆ. ಗಣಿಯ ಧೂಳಿನಲ್ಲೇ ದುಡಿದು ನನ್ನನ್ನು ಓದಿಸಿದ. ಪ್ಯಾಸೆಂಜರ್ ರೈಲಿನಲ್ಲಿ ನಿಂತು ಕಲಬುರಗಿಗೆ ಹೋಗಿಬಂದು ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲಿಗ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದೇ ಧೂಳು ಅವನ ಶ್ವಾಸಕೋಶ ತಿಂದಿತು. ಹಾಸಿಗೆ ಹಿಡಿದವನಿಗೆ ಮೊಬೈಲಿನಲ್ಲಿ ಬರುವ ಬೋಧಕರ ಪ್ರಸಂಗಗಳೇ ಸಂಗಾತಿಯಾದವು. ಯುದ್ಧ, ರೋಗ, ಭೂಕಂಪ ಎಲ್ಲವೂ ಕಡೇ ದಿನದ ಗುರುತುಗಳೆಂದು, ಆ ದಿನ ತುತ್ತೂರಿ ಊದಿದಾಗ ಸತ್ತವರು ಸಮಾಧಿಯಿಂದ ಏಳುತ್ತಾರೆಂದು ಅದರಲ್ಲಿ ಯಾರೋ ಕೂಗುತ್ತಿದ್ದರು. ಅಪ್ಪ ಊಟ ಬಿಟ್ಟ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದ.

“ತಮ್ಮಾ, ನನ್ ಮ್ಯಾಲ ಫರಸಿ ಹಾಕಬ್ಯಾಡ್ರಿ. ತುತ್ತೂರಿ ಊದಿದಾಗ ಏಳಲಿಕ್ಕ ಆಗಂಗಿಲ್ಲ.”

“ಮಂದಿಗೆಲ್ಲ ನೀನೇ ಹಾಕೀದಿ ಅಲ್ಲಪಾ?”

“ಅದೇ ಜೀವ ತಿನ್ಲಿಕತ್ತದ. ಎಲ್ಲಾರಿಗೂ ನಾನೇ ಒಳಗ ಹಾಕಿ ಮುಚ್ಚೀನಿ.”

ಯೇಸುವಿನ ಸಮಾಧಿಯ ಕಲ್ಲು ಉರುಳಿದ್ದನ್ನು ಓದಿ ಹೇಳಿದೆ. “ಅಂವಾ ದೇವರ ಮಗ. ನಾ ಕಲ್ಲೊಡ್ಯಾಂವ,” ಎಂದ. ನಾನು ಬೈಬಲ್ ಮುಚ್ಚಿಟ್ಟು, ಫರಸಿ ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ಗಣಿಯಲ್ಲಿ ಅವನೊಡನೆ ದುಡಿದ ಮುಸ್ಲಿಂ ಗೆಳೆಯರೊಬ್ಬರು ನೋಡಲು ಬಂದರು. ವಿಷಯ ಕೇಳಿ ನಕ್ಕರು.

“ಏ ಮೇಸ್ತ್ರಿ, ಕಯಾಮತ್, ಆ ಕಡೀ ದಿನ, ನಮಗೂ ಅದ. ಎಬ್ಬಸಾಂವ ನಿನ್ ಫರಸಿಗಿ ಕೇಳಿ ಎಬ್ಬಸ್ತಾನೇನು? ಅಲ್ದ, ನೀ ಕೂಡ್ಸಿದ್ವು ಅರ್ಧ ಅಲಗಾಡ್ತಾವ ಬಿಡು.”

“ನಾ ಕೂಡ್ಸಿದ್ದು ಅಲಗಾಡಂಗಿಲ್ಲ.” ಅಪ್ಪ ಸಿಟ್ಟಿನಿಂದ ಎದ್ದೇ ಕುಳಿತ. ಮರುಕ್ಷಣ ಮುಖ ಕಪ್ಪಿಟ್ಟಿತು. ಅಲಗಾಡದಿದ್ದರೆ ಕೆಳಗಿನವರು ಏಳುವುದು ಹೇಗೆಂದು ಅವನಿಗೇ ಹೊಳೆದಿತ್ತು. ಗೆಳೆಯರು ಮತ್ತೆ ನಗಲಿಲ್ಲ.

ಚಳಿಗಾಲದಲ್ಲಿ ಅಪ್ಪ ಹೋದ. ಹೆದರಿಕೆ ಬಿಟ್ಟು ಹೋದನೋ, ಹೊತ್ತುಕೊಂಡು ಹೋದನೋ, ನನಗೆ ತಿಳಿಯಲಿಲ್ಲ. ಸಭೆಯ ಹಿರಿಯರು ಒಳ್ಳೆಯ ಫರಸಿ ತರಿಸಿದ್ದರು. ನಾನು ಬೇಡವೆಂದೆ.

“ಇಷ್ಟು ಓದೀದಿ, ಇದೆಂಥಾ ಮೂಢನಂಬಿಕಿ?”

“ಮಾತು ಕೊಟ್ಟೀನ್ರಿ,” ಎಂದೆ. ಕಲ್ಲು ಹಿಂದಕ್ಕೆ ಹೋಯಿತು.

ಆ ಪ್ರಸಂಗಗಳನ್ನು ನಾನು ಕೇಳುವುದಿಲ್ಲ. ಕರ್ತನಾದ ಯೇಸು ಬರುತ್ತಾನೆಂದು ನಂಬುತ್ತೇನೆ. ಬರುವವನು ನಮ್ಮವನೇ ಎಂದೂ ನಂಬುತ್ತೇನೆ. ಇಷ್ಟನ್ನು ಅಪ್ಪನ ಎದೆಗೆ ಮುಟ್ಟಿಸಲು ನನ್ನಿಂದಾಗಲಿಲ್ಲ. ಮಳೆಗಾಲದಲ್ಲಿ ಅಪ್ಪನ ಸಮಾಧಿಯ ಮಣ್ಣಿನ ಗುಡ್ಡೆ ಕುಸಿಯುತ್ತದೆ. ಭಾನುವಾರ ಆರಾಧನೆ ಮುಗಿದ ಮೇಲೆ ಬುಟ್ಟಿಯಲ್ಲಿ ಮಣ್ಣು ತಂದು ಸುರಿಯುತ್ತೇನೆ, ಒತ್ತಿ ಗಟ್ಟಿ ಮಾಡುವುದಿಲ್ಲ.